ಮುಟ್ಟಿನ ತಾರೀಖು ಕೇಳುವ ದೇವರು ಯಾರು?

ಆಶಾ ಕಾರ್ಯಕರ್ತೆಯಾದ ನನ್ನ ಹತ್ತಿರ ಕಿಣ್ಣಿ ಸುಲ್ತಾನ ಊರಿನ ಹುಡುಗಿಯರು ಈಗ ಮುಟ್ಟಿನ ತಾರೀಖು ಹೇಳುವ ಆ್ಯಪ್ ಇರುವ ಮೊಬೈಲ್ ಹಿಡಿದೇ ಬರುತ್ತಾರೆ. ಒಬ್ಬಳು ಕೇಳಿದಳು: "ಅಕ್ಕಾ, ಇದರಾಗ ಶುಕ್ರವಾರ ಅಂತ ತೋರಸ್ಲಿಕತ್ತದ. ಗಾಣಗಾಪುರದ ದತ್ತನ ಗುಡಿಗಿ ಹೋಗೋದದ, ಗುಳಿಗಿ ಯಾವಾಗಿಂದ ತಗೋಳ್ಳಿ?"

ಮುಟ್ಟು ಮುಂದೂಡುವ ನಾರೆಥಿಸ್ಟೆರಾನ್ ಗುಳಿಗೆಯನ್ನು ಮುಟ್ಟು ಬರುವ ಮೂರು ದಿನ ಮೊದಲೇ ಶುರುಮಾಡಬೇಕು. ಆ ಮೂರು ದಿನವನ್ನು ಆ್ಯಪ್ ತೋರಿಸಿದ ತಾರೀಖಿನಿಂದ ಹಿಂದಕ್ಕೆ ಎಣಿಸುತ್ತಾರೆ. ಇಂಥ ಬಹುತೇಕ ಆ್ಯಪ್‌ಗಳು ಹಾರ್ಮೋನನ್ನು ಅಳೆಯುವುದೇ ಇಲ್ಲ. ಹಿಂದಿನ ತಿಂಗಳುಗಳ ಸರಾಸರಿ ತೆಗೆದು ಮುಂದಿನದನ್ನು ಊಹಿಸುತ್ತವೆ. 2016ರಲ್ಲಿ ಅಮೆರಿಕದ ವೈದ್ಯರು 108 ಉಚಿತ ಆ್ಯಪ್‌ಗಳನ್ನು ಪರೀಕ್ಷಿಸಿದಾಗ ನಿಖರವೆನಿಸಿದವು 20 ಮಾತ್ರ. 2019ರ ಒಂದು ಅಧ್ಯಯನದಲ್ಲಿ ಆರು ಲಕ್ಷಕ್ಕೂ ಹೆಚ್ಚು ಋತುಚಕ್ರಗಳನ್ನು ಲೆಕ್ಕಹಾಕಿದಾಗ ಸರಿಯಾಗಿ 28 ದಿನದವು ಶೇ. 13ರಷ್ಟೇ ಇದ್ದವು. ಥೈರಾಯ್ಡ್ ತೊಂದರೆ, ಪಿಸಿಓಡಿ ಇದ್ದವಳಿಗಂತೂ ಈ ಎಣಿಕೆ ಹತ್ತುವುದೇ ಕಷ್ಟ. ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ ಆ ಗುಳಿಗೆಯೇ ಅಪಾಯ. ಔಷಧಿ ಅಂಗಡಿಯಲ್ಲಿ ಅದನ್ನು ಯಾರೂ ವಿಚಾರಿಸುವುದಿಲ್ಲ.

ಆದರೆ ನಾಳೆ ಆ್ಯಪ್ ನೂರಕ್ಕೆ ನೂರು ಸರಿ ಹೇಳಿದರೂ ನನ್ನ ತಕರಾರು ಮುಗಿಯುವುದಿಲ್ಲ. ದೇವರ ಮುಂದೆ ಹೋಗಲು ಆ ತಾರೀಖು ಯಾಕೆ ಬೇಕು?

ನಮ್ಮ ಪಕ್ಕದ ಕಲ್ಯಾಣದಲ್ಲಿ 12ನೆಯ ಶತಮಾನದ ಶರಣರು ಹುಟ್ಟು, ಸಾವು, ಎಂಜಲು, ಜಾತಿಯ ಜೊತೆ ಮುಟ್ಟಿನ ಸೂತಕವನ್ನೂ ಅಲ್ಲಗಳೆದರು. ಇಷ್ಟಲಿಂಗ ಮೈಮೇಲೇ ಇರುವಾಗ ಮೈಲಿಗೆಗೆ ಜಾಗ ಎಲ್ಲಿ? ನನ್ನವ್ವ ಮುಟ್ಟಾದ ದಿನವೂ ಮೈತೊಳೆದು ಅಂಗೈ ಮೇಲೆ ಲಿಂಗ ಹಿಡಿದು ಕೂಡುತ್ತಿದ್ದಳು. ಅದೇ ಅವ್ವ ಐದು ದಿನ ಊರ ಗುಡಿಯ ಮೆಟ್ಟಿಲು ಹತ್ತುತ್ತಿರಲಿಲ್ಲ. ಯಾಕೆಂದು ಕೇಳಿದರೆ, "ಇದು ನನ್ನ ದೇವರವ್ವ, ಅದು ಮಂದಿ ದೇವರು" ಅಂದಳು.

ಅವ್ವನ ಮಾತಿನಲ್ಲಿ ನೋವಿತ್ತೋ ವಿವೇಕವಿತ್ತೋ? ಎರಡೂ ಇದ್ದವು ಅಂತ ನನಗನಿಸುತ್ತದೆ. ಅವಳು ಮಂದಿಗಾಗಿ ಮೆಟ್ಟಿಲು ಬಿಟ್ಟಳು, ಮೈಯನ್ನು ಬದಲಿಸಲಿಲ್ಲ. ಈಗಿನ ಹುಡುಗಿಯರು ಮಂದಿಗಾಗಿ ಮೈಯನ್ನೇ ಬದಲಿಸುತ್ತಿದ್ದಾರೆ, ಅದೂ ಒಂದು ಊಹೆಯನ್ನು ನಂಬಿ. ಸೂತಕದ ಭಯ ಮೊದಲು ಹಿರಿಯರ ಬಾಯಲ್ಲಿತ್ತು, ಎದುರು ಮಾತಾಡಬಹುದಿತ್ತು. ಮೊಬೈಲಿನ ಕೆಂಪು ಚುಕ್ಕಿಯೊಡನೆ ವಾದ ಮಾಡುವುದು ಹೇಗೆ?

ಗಾಣಗಾಪುರಕ್ಕೆ ಹೊರಟ ಆ ಹುಡುಗಿಗೆ ಗುಳಿಗೆ ಬ್ಯಾಡ ಅಂದೆ. "ದಾರ್ಯಾಗ ಬಂದ್ರ?" ಅಂದಳು. ಚೀಲದಲ್ಲಿ ಪ್ಯಾಡ್ ಇಟ್ಟುಕೊಂಡು ಹೋಗು, ದತ್ತ ಮಹಾರಾಜರು ತಾರೀಖು ಕೇಳುವುದಿಲ್ಲ ಅಂದೆ. ಆ್ಯಪ್ ಅಳಿಸಬೇಡ ಅಂತಲೂ ಹೇಳಿದೆ. ಮೂರು ತಿಂಗಳು ಮುಟ್ಟು ತಪ್ಪಿದರೆ, ವಾರಕ್ಕಿಂತ ಹೆಚ್ಚು ರಕ್ತ ಹೋದರೆ, ಅದರಲ್ಲಿ ಬರೆದಿಟ್ಟದ್ದನ್ನು ಆಳಂದ ದವಾಖಾನೆಯ ಡಾಕ್ಟರಿಗೆ ತೋರಿಸಬೇಕಾಗುತ್ತದೆ.