ಮನೆ ಗೆದ್ದು ಮಾರು ಗೆಲ್ಲು

ಜೂನ್ ಬಂತೆಂದರೆ ಘೋಣಸಗಿ, ಬಿಜ್ಜರಗಿ ಕಡೆಯಿಂದ ವಿಜಯಪುರಕ್ಕೆ ಹೋಗುವ ಬಸ್ಸಿನಲ್ಲಿ ಟ್ರಂಕು, ಗಾದಿ, ಬಕೀಟಿನ ಜೊತೆ ನಾಲ್ಕನೇ, ಐದನೇ ಇಯತ್ತೆಯ ಮಕ್ಕಳು ಕೂತಿರುತ್ತಾರೆ. ಸೈನಿಕ ಶಾಲೆ, ನವೋದಯ, ಕಿತ್ತೂರು ಎಂದು ಪ್ರವೇಶ ಪರೀಕ್ಷೆಯ ಮೂರು ಹೆಸರು ಹೇಳಿ ಹತ್ತು ವರ್ಷದ ಕೂಸನ್ನು ಕೋಚಿಂಗ್ ಹಾಸ್ಟೆಲ್ಲಿಗೆ ಬಿಟ್ಟುಬರುವುದು ನಮ್ಮ ತಿಕೋಟಾ ಭಾಗದಲ್ಲಿ ರೂಢಿಯಾಗಿಬಿಟ್ಟಿದೆ. ಆ ಮುಖಗಳನ್ನು ಕಂಡಾಗಲೆಲ್ಲ ನನಗೆ ಈ ಗಾದೆ ನೆನಪಾಗುತ್ತದೆ.

ಮೊದಲು ನಿನ್ನ ಮನೆ ನೆಟ್ಟಗೆ ಮಾಡಿಕೊ, ಆಮೇಲೆ ಊರ ಉಸಾಬರಿ ಎಂದು ಇದಕ್ಕೆ ಅರ್ಥ ಹೇಳುವವರಿದ್ದಾರೆ. ಕಟ್ಟೆಯ ಮೇಲೆ ಯಾರದೋ ಬಾಯಿ ಮುಚ್ಚಿಸಲು ಅದು ಸಾಕು, ಅಷ್ಟೇ. ಹೆಂಡತಿ ಮಕ್ಕಳನ್ನು ಹದ್ದುಬಸ್ತಿನಲ್ಲಿ ಇಡುವುದೇ ಮನೆ ಗೆಲ್ಲುವುದು ಎನ್ನುವವರ ಮಾತಂತೂ ಬೇಡವೇ ಬೇಡ. ನನ್ನ ಮಟ್ಟಿಗೆ ಈ ಮಾತು ಹೇಳಿದ್ದು ದೊಡ್ಡವರಿಗಲ್ಲ, ಮಕ್ಕಳಿಗೆ. ತನ್ನ ಮಾತಿಗೆ ಮನೆಯಲ್ಲಿ ಬೆಲೆ ಬಂದದ್ದನ್ನು, ತಪ್ಪಿದ ದಿನವೂ ಊಟಕ್ಕೆ ಕರೆದದ್ದನ್ನು ಕಂಡ ಕೂಸು ಹೊರಗೆ ತಲೆ ಎತ್ತಿ ನಿಲ್ಲುತ್ತದೆ.

ನಮ್ಮಲ್ಲಿ ದ್ರಾಕ್ಷಿ ಹಂಗಾಮಿನಲ್ಲಿ ಮಣೂಕ, ಅಂದರೆ ಒಣದ್ರಾಕ್ಷಿ ಮಾಡುವ ಶೆಡ್ಡುಗಳಿಗೆ ಹೋಗಿ ನೋಡಬೇಕು. ಗೊಂಚಲನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಎಣ್ಣೆ ಕಲೆಸಿದ ನೀರಿನಲ್ಲಿ ಅದ್ದಿ ಬಲೆಯ ಮೇಲೆ ಹರವುತ್ತಾರೆ. ಅಂಥ ಒಂದು ಕಡೆ, ರಜೆಯ ದಿನ, ಐದನೇ ಇಯತ್ತೆಯ ಹುಡುಗಿಯೊಬ್ಬಳು ಹಳೇ ನೋಟಬುಕ್ಕಿನಲ್ಲಿ ಕ್ರೇಟುಗಳ ತೂಕ ಬರೆಯುತ್ತಿದ್ದಳು. ಪ್ರತಿ ಸಲ ಖಾಲಿ ಕ್ರೇಟಿನ ತೂಕ ಕಳೆದು ಬಲಗಡೆ ಇನ್ನೊಂದು ಸಾಲು. ಅಪ್ಪ ಬಾಯಿಲೆಕ್ಕ ಹೇಳಿದಾಗ, "ಎರಡು ಕ್ರೇಟ್ ಬಿಟ್ಟೀ ಅಪ್ಪಾ" ಎಂದಳು. ಅವನು ಮತ್ತೆ ಎಣಿಸಿ, "ಹೌದವಾ, ನಿಂದೇ ಖರೆ" ಎಂದ. ಆಳುಗಳೆಲ್ಲ ಕೇಳಿಸಿಕೊಂಡರು. ಆಮೇಲೆ ಅವಳ ಪ್ರಶ್ನೆ: ನಾಲ್ಕು ಕಿಲೋ ಹಣ್ಣಿಗೆ ಒಂದೇ ಕಿಲೋ ಮಣೂಕ ಯಾಕೆ, ಉಳಿದ ಮೂರು ಕಿಲೋ ಎಲ್ಲಿ ಹೋಯಿತು? ನೀರು, ಗಾಳಿ, ಅನುಪಾತ, ಶೇಕಡಾವಾರು, ಎಲ್ಲವೂ ಆ ಒಂದು ಪ್ರಶ್ನೆಯಲ್ಲಿದೆ. ಹಾಸ್ಟೆಲ್ಲಿನ ಗೈಡಿನಲ್ಲಿ ಅದೇ ಲೆಕ್ಕ ಇರುತ್ತದೆ. "ನಿಂದೇ ಖರೆ" ಎನ್ನುವ ಅಪ್ಪ ಇರುವುದಿಲ್ಲ.

ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಇನ್ನೂ ಮುಂದೆ ಹೋದರು. ಎಳವೆಯಲ್ಲಿ ಮಕ್ಕಳನ್ನು ಶಾಲೆಗೆ ಹಾಕದೆ ಮನೆಯಲ್ಲೇ ಕಲಿಸಿದರು. ಮಗ ಉಲ್ಲಾಸ ಕಾರಂತರು ಮುಂದೆ ಇಂಜಿನಿಯರಿಂಗ್ ಓದಿಯೂ ಅದನ್ನು ಬಿಟ್ಟು ನಾಗರಹೊಳೆಯ ಹುಲಿಗಳ ಹಿಂದೆ ಹೋದರು. ಮಗಳು ಮಾಳವಿಕಾ ಕಪೂರ್ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನಸ್ಸನ್ನೇ ಅಭ್ಯಾಸದ ವಿಷಯ ಮಾಡಿಕೊಂಡರು. ಕಲಿತ ಕಸುಬು ಬಿಟ್ಟು ಕಾಡಿಗೆ ಹೋಗುವ ಧೈರ್ಯ ಯಾವ ಕೋಚಿಂಗಿನಲ್ಲೂ ಸಿಗುವಂಥದ್ದಲ್ಲ.

ಶಾಲೆ ಬಿಡಿಸಿ ಎಂದು ನಾನು ಹೇಳುವುದಿಲ್ಲ. 6ರಿಂದ 14 ವರ್ಷದ ಮಗುವಿಗೆ ಶಿಕ್ಷಣ ಹಕ್ಕೆಂದು 2009ರ ಕಾಯ್ದೆ ಹೇಳಿದೆ. ಹೊಲಕ್ಕೆ ಹೋಗುವ ತಾಯಿತಂದೆಗೆ ಇಡೀ ದಿನದ ಮನೆಪಾಠ ಆಗುವ ಮಾತೂ ಅಲ್ಲ. ಮನೆಯಲ್ಲೇ ಓದಿಸುವ ಅನುಕೂಲವಿದ್ದವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಹತ್ತನೇ ತರಗತಿ ಇದೆ, 14 ತುಂಬಿದರೆ ಸೇರಬಹುದು. ಉಳಿದವರಿಗೆ ಊರ ಕನ್ನಡ ಶಾಲೆ, ಸಂಜೆ ಮನೆ.

ಬಿಜ್ಜರಗಿಯಲ್ಲೇ ಹುಟ್ಟಿದ ಸಿದ್ಧೇಶ್ವರ ಸ್ವಾಮೀಜಿ ಚಿಕ್ಕಂದಿನಲ್ಲೇ ಮನೆ ಬಿಟ್ಟಿರಲಿಲ್ಲವೇ ಎಂದು ಕೇಳುತ್ತಾರೆ. ಬಿಟ್ಟಿದ್ದರು, ಆದರೆ ಹೋದದ್ದು ಮಲ್ಲಿಕಾರ್ಜುನ ಸ್ವಾಮೀಜಿಯವರ ಮಡಿಲಿಗೆ. ಹೆಸರು ಹಿಡಿದು ಕರೆಯುವ ಗುರು ಇದ್ದಲ್ಲಿ ಅದೂ ಮನೆಯೇ. ವಾರಕ್ಕೊಮ್ಮೆ ರ‍್ಯಾಂಕ್ ಪಟ್ಟಿ ಹಚ್ಚುವ ಹಾಲ್ ಅದಕ್ಕೆ ಸಮವಲ್ಲ.

ಪರೀಕ್ಷೆ ಬರೆಸುವುದಾದರೆ ಮನೆಯಿಂದಲೇ ಬರೆಸಿ. ನವೋದಯದ ಪತ್ರಿಕೆ ಎರಡು ತಾಸಿನದು, 80 ಪ್ರಶ್ನೆ. ಅಂಕಗಣಿತ ಪ್ರಾಥಮಿಕ ಶಾಲೆಯ ಮಟ್ಟದ್ದೇ. ದಿನಾ ಸಂಜೆ ಹತ್ತು ಲೆಕ್ಕ ಬಿಡಿಸಿ, ಓದು ಬಾರದ ತಾಯಿಗೇ ಕೂಸು ತಿಳಿಸಿ ಹೇಳಲಿ. ಸೀಟು ಸಿಕ್ಕರೆ ಹೋಗಲಿ. ಸಿಗದಿದ್ದರೆ ಸರಕಾರಿ ಶಾಲೆಯ ಆರನೇ ಇಯತ್ತೆ ಇದ್ದೇ ಇದೆ.