ದಾನವೋ? ಋಣವೋ?

ಗಣಿಯಲ್ಲಿ ಕಾರ್ಮಿಕನ ಕಾಲು ಮುರಿದರೆ ಆ ಪೆಟ್ಟು ಎಲ್ಲರಿಗೂ ಕಾಣುತ್ತದೆ. ಆದರೆ ಉಸಿರಿನೊಡನೆ ಒಳಹೊಕ್ಕ ಕಲ್ಲಿನ ಧೂಳು ವರ್ಷಗಟ್ಟಲೆ ಅಡಗಿದ್ದು, ಕೆಲಸ ಬಿಟ್ಟ ಮೇಲೂ ಶ್ವಾಸಕೋಶವನ್ನು ಕೆಡಿಸಬಲ್ಲದು. ಸಿಲಿಕೋಸಿಸ್ ಎಂಬ ಈ ವ್ಯಾಧಿ ಮಾರಿಕುಪ್ಪಂ ಸೀಮೆಗೆ ಹೊಸದಲ್ಲ. 1940ರಿಂದ 1946ರವರೆಗೆ ಕೋಲಾರದ ಚಿನ್ನದ ಗಣಿಗಳಲ್ಲಿ ಪರೀಕ್ಷಿಸಲಾದ 7,653 ಕಾರ್ಮಿಕರಲ್ಲಿ ಶೇಕಡಾ 40ಕ್ಕೂ ಮಿಕ್ಕವರಲ್ಲಿ ಇದು ಕಂಡುಬಂದಿತು.

“ಕೂಲಿಯನ್ನು ಕೊಟ್ಟಾಯಿತಲ್ಲ, ಇನ್ನೇನು ಬಾಕಿ?” ಎಂದು ಮಾಲೀಕನು ಕೇಳಬಹುದು. ಕೂಲಿಯು ದುಡಿಮೆಯ ಬೆಲೆಯೇ ಹೊರತು ಆಯುಷ್ಯದ ಬೆಲೆಯಲ್ಲ. ಮಾಲೀಕನ ತಪ್ಪನ್ನು ಸಾಧಿಸದೆಯೇ ಕಾರ್ಮಿಕನು ಪರಿಹಾರ ಪಡೆಯಬಹುದೆಂದು 1923ರ ಕಾಯಿದೆಯು ಒಪ್ಪಿಕೊಂಡಿತು. ಲಾಭವು ಯಾರ ಮನೆಗೆ ಸೇರಿತೋ, ಅದರಿಂದಾದ ಹಾನಿಯ ಭಾರವೂ ಅವರಿಗೇ ಸೇರತಕ್ಕದ್ದು ಎಂಬುದೇ ಇದರ ತಾತ್ಪರ್ಯವೆಂದು ನಾವು ತಿಳಿಯುತ್ತೇವೆ.

ಇಲ್ಲಿ ದಾನಕ್ಕೂ ಋಣಕ್ಕೂ ಇರುವ ಭೇದವನ್ನು ನಾವು ಮರೆಯಬಾರದು. ದಾನವು ಕೊಡುವವನ ಇಚ್ಛೆಗೆ ಸೇರಿದುದು, ಅದರಿಂದ ಪುಣ್ಯವುಂಟು. ಋಣವು ಹಾಗಲ್ಲ, ತೀರಿಸಿದರೆ ಹೊಗಳಿಕೆಯಿಲ್ಲ, ತೀರಿಸದಿದ್ದರೆ ದೋಷವುಂಟು. ರೋಗಿಯಾದ ಕಾರ್ಮಿಕನಿಗೆ ಸಲ್ಲುವ ಔಷಧೋಪಚಾರ, ಹಗುರವಾದ ಬೇರೆ ಕೆಲಸ, ಪರಿಹಾರದ ಹಣ ಇವೆಲ್ಲವೂ ಋಣವೇ. ಅವನನ್ನು ಕೈಜೋಡಿಸಿ ನಿಲ್ಲುವಂತೆ ಮಾಡಿ ಕೊಟ್ಟರೆ, ಸಾಲಗಾರನೇ ದಾನಿಯ ವೇಷ ಧರಿಸಿದಂತಾಗುತ್ತದೆ.

2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಲ್ಪಟ್ಟವು. ಗಣಿಯ ಬಾಯಿ ಮುಚ್ಚಿದ ಮಾತ್ರಕ್ಕೆ ದುಡಿದವರ ಎದೆಯೊಳಗಿನ ಧೂಳು ಹೋಗುವುದಿಲ್ಲ. ಅದು ಇರುವವರೆಗೂ ಋಣವೂ ಇರುತ್ತದೆ. ನಮ್ಮ ಮನೆಯಲ್ಲಿ, ಅಂಗಡಿಯಲ್ಲಿ, ಹೊಲದಲ್ಲಿ ಆಳನ್ನಿಟ್ಟು ದುಡಿಸುವ ನಾವೂ ಈ ಲೆಕ್ಕದಿಂದ ಹೊರತಲ್ಲ.