ಏನಂತ ಬರೆಸೋಣ?

2019ರ ಏಪ್ರಿಲ್. ರಾತ್ರಿ ಒಂಬತ್ತೂವರೆಗೆ ಊರಿನಿಂದ ತಮ್ಮನ ಫೋನು. ಕಾಕಾನ ಮಗ ಎಣ್ಣೆ ಕುಡಿದಿದ್ದಾನೆ, ಜೀಪಿನಲ್ಲಿ ಹಾಕಿಕೊಂಡು ಹೊರಟಿದ್ದೇವೆ ಎಂದ. ನಮ್ಮ ಹಾವೇರಿ ಕಡೆ ಬೆಳೆಗೆ ಹೊಡೆಯುವ ವಿಷಕ್ಕೆ ಎಣ್ಣೆ ಅಂತಲೇ ಹೆಸರು. ಬೇರೆ ಕಡೆ ಔಷಧ ಅನ್ನುತ್ತಾರೆ. ಅದನ್ನು ವಿಷ ಎಂದು ಕರೆಯುವವರು ಪೊಲೀಸರು ಮತ್ತು ಡಾಕ್ಟರು ಮಾತ್ರ. ಆಮೇಲೆ ತಮ್ಮ ಕೇಳಿದ: “ಅಣ್ಣಾ, ದವಾಖಾನ್ಯಾಗ ಏನಂತ ಬರಸೂಣು?”

ಪುಣೆಯ ಬಾಲ್ಕನಿಯಲ್ಲಿ ನಿಂತಿದ್ದ ನಾನು ಹತ್ತು ಸೆಕೆಂಡೂ ಯೋಚಿಸಲಿಲ್ಲ. “ಎಣ್ಣಿ ಹೊಡೆಯಾಗ ಗಾಳಿಗೆ ಮೈಮ್ಯಾಲೆ ಬಿತ್ತು ಅಂತ ಬರಸು” ಎಂದೆ. ಪೊಲೀಸ್ ಕೇಸು, ಅವನ ತಂಗಿಗೆ ನೋಡಿಹೋಗಿದ್ದ ಗಂಡಿನ ಕಡೆಯವರು, ಕಾಕಾನ ಮರ್ಯಾದೆ, ಎಲ್ಲ ಒಟ್ಟಿಗೇ ತಲೆಗೆ ಬಂದಿದ್ದವು. ಮನೆಯಲ್ಲಿ ಹೆಚ್ಚು ಓದಿದವನು ನಾನು. ಇಂಥ ಹೊತ್ತಿನಲ್ಲಿ ನನ್ನ ಮಾತಿಗೆ ಎದುರಿಲ್ಲ.

ಒಳ್ಳೆಯ ಉದ್ದೇಶಕ್ಕೆ ಸುಳ್ಳು ಹೇಳಬಹುದೇ ಎಂಬ ಪ್ರಶ್ನೆ ಹಳೆಯದು. 1797ರಲ್ಲಿ ಕಾಂಟ್ ಬರೆದ ಒಂದು ಪ್ರಬಂಧವಿದೆ. ಕೊಲೆಗಾರ ಬಾಗಿಲಿಗೆ ಬಂದು ನಿನ್ನ ಗೆಳೆಯ ಒಳಗಿದ್ದಾನೆಯೇ ಎಂದು ಕೇಳಿದರೂ ಸುಳ್ಳು ಹೇಳಕೂಡದು ಎಂಬುದು ಅವನ ವಾದ. ಕಾಲೇಜಿನಲ್ಲಿ ಅದನ್ನು ಓದಿ ನಕ್ಕಿದ್ದೆ, ಈಗಲೂ ಒಪ್ಪುವುದಿಲ್ಲ. ಆದರೆ ಆ ರಾತ್ರಿ ನಮ್ಮನ್ನು ಕೇಳುತ್ತ ನಿಂತಿದ್ದದ್ದು ಕೊಲೆಗಾರನಲ್ಲ, ಆಗಷ್ಟೇ ಎಂಬಿಬಿಎಸ್ ಮುಗಿಸಿದ್ದ ಹೌಸ್ ಸರ್ಜನ್ ಹುಡುಗಿ. ಅವಳು ಕೇಳುತ್ತಿದ್ದದ್ದು ಅವನನ್ನು ಉಳಿಸುವುದಕ್ಕೆ.

ಅವಳಿಗೆ ಆ ಉತ್ತರ ಯಾಕೆ ಬೇಕಿತ್ತು ಎಂದು ನನಗೆ ತಿಳಿದದ್ದು ಆಮೇಲೆ. ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕ ನಮ್ಮ ನರಗಳ ತುದಿಯಲ್ಲಿರುವ ಒಂದು ಕಿಣ್ವವನ್ನು ಕಟ್ಟಿಹಾಕುತ್ತದೆ. ನರ ಕೊಟ್ಟ ಆಜ್ಞೆಯನ್ನು ಕೆಲಸವಾದ ಕೂಡಲೇ ಅಳಿಸುವುದು ಆ ಕಿಣ್ವದ ಕೆಲಸ. ಅದು ನಿಂತರೆ ಆಜ್ಞೆ ನಿಲ್ಲುವುದೇ ಇಲ್ಲ. ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ಸೂಜಿಮೊನೆಯಷ್ಟಾದ ಕಣ್ಣಿನ ಪಾಪೆ, ಅದುರುವ ಸ್ನಾಯುಗಳು. ಶ್ವಾಸನಾಳದಲ್ಲಿ ದ್ರವ ತುಂಬಿ ಮನುಷ್ಯ ಹಾಸಿಗೆಯ ಮೇಲೇ ಮುಳುಗುತ್ತಾನೆ. ಇದಕ್ಕೆ ಅಟ್ರೋಪಿನ್ ಕೊಡುತ್ತಾರೆ. ಐದು ನಿಮಿಷಕ್ಕೊಮ್ಮೆ ಎದೆಗೆ ಸ್ಟೆತೊಸ್ಕೋಪ್ ಇಟ್ಟು ಕೇಳುವುದು, ಗೊರಗೊರ ಇನ್ನೂ ಇದ್ದರೆ ಹಿಂದಿನದರ ಎರಡರಷ್ಟು ಕೊಡುವುದು. ರಾತ್ರಿಯೆಲ್ಲ ಒಬ್ಬರು ಪಕ್ಕದಲ್ಲೇ ಇರಬೇಕಾದ ಚಿಕಿತ್ಸೆ ಅದು. ಮೈಮೇಲೆ ಬಿದ್ದದ್ದಾದರೆ ಬಟ್ಟೆ ಬಿಚ್ಚಿ ಸೋಪು ಹಚ್ಚಿ ತೊಳೆದರೆ ಒಳಗೆ ಹೋಗುವುದು ನಿಲ್ಲುತ್ತದೆ. ಕುಡಿದದ್ದಾದರೆ ಹೊಟ್ಟೆಯಲ್ಲಿ ಉಳಿದದ್ದು ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಹೊಟ್ಟೆ ತೊಳೆಯುವುದಿದ್ದರೆ ಅದಕ್ಕೆ ಇರುವ ಹೊತ್ತು ಬಹಳ ಕಡಿಮೆ.

ನಮ್ಮ ಸುಳ್ಳನ್ನು ಹಿಡಿದವರು ಒಬ್ಬ ನರ್ಸಮ್ಮ. “ಏಪ್ರಿಲ್ ತಿಂಗಳದಾಗ ಯಾವ ಪೀಕಿಗೆ ಎಣ್ಣಿ ಹೊಡದ್ರೀ ಅಣ್ಣಾರ?” ಎಂದು ತಮ್ಮನನ್ನು ಕೇಳಿದರಂತೆ. ಮಳೆಯ ಮೇಲೇ ನಿಂತ ಹೊಲ ನಮ್ಮದು, ಏಪ್ರಿಲ್‌ನಲ್ಲಿ ಅಲ್ಲಿ ಹುಲ್ಲುಕಡ್ಡಿಯೂ ಇರುವುದಿಲ್ಲ. ಹದಿನೈದು ವರ್ಷ ಊರು ಬಿಟ್ಟವನಿಗೆ ಅದು ಮರೆತೇಹೋಗಿತ್ತು. ಅಷ್ಟರಲ್ಲಿ ನಲವತ್ತು ನಿಮಿಷ ಕಳೆದಿತ್ತು.

ತಮ್ಮ ಮತ್ತೆ ಫೋನು ಮಾಡಿದ. ಈ ಸಲ ನಾನು ಇನ್ನೂ ನಾಜೂಕಾದದ್ದನ್ನು ಹೇಳಿಕೊಟ್ಟೆ: ಕೆಮ್ಮಿನ ಔಷಧ ಅಂತ ತಿಳಿದು ಕತ್ತಲಲ್ಲಿ ಕುಡಿದುಬಿಟ್ಟ. ಯಾರೋ ಬೈಕಿನಲ್ಲಿ ಬಾಟಲಿಯನ್ನೂ ತಂದುಕೊಟ್ಟರು. ಡಾಕ್ಟರಿಗೆ ಬೇಕಾದ ನಿಜ ಸಿಕ್ಕಿತು, ನಮಗೆ ಬೇಕಾದ ಸುಳ್ಳೂ ಉಳಿಯಿತು. ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡೆ.

ಮರುದಿನ ಮಧ್ಯಾಹ್ನ ಹೋಗಿ ನೋಡಿದಾಗ ಅವನ ಕೈಗಳನ್ನು ಬ್ಯಾಂಡೇಜಿನಿಂದ ಮಂಚಕ್ಕೆ ಕಟ್ಟಿದ್ದರು. ಅಟ್ರೋಪಿನ್‌ನ ಭ್ರಮೆಯಲ್ಲಿ ಹತ್ತಿ ಬಿಡಿಸುವವನ ಹಾಗೆ ಹೊದಿಕೆಯನ್ನು ಕೀಳುತ್ತಿದ್ದ. ದೊಡ್ಡ ಡಾಕ್ಟರು ರೌಂಡ್ಸಿಗೆ ಬಂದಾಗಲೆಲ್ಲ “ದಿಂಬಿನಿಂದ ತಲೆ ಎತ್ತಪ್ಪಾ” ಅನ್ನುತ್ತಿದ್ದರು. ಎರಡು ದಿನ ಎತ್ತಿದ. ಮೂರನೆಯ ದಿನ ಆಗಲಿಲ್ಲ. ಚೇತರಿಸಿಕೊಂಡ ಹಾಗೆ ಕಂಡವರ ಕತ್ತು ಸೋತು, ಆಮೇಲೆ ಉಸಿರಾಟದ ಸ್ನಾಯುಗಳೂ ಸೋಲುವ ಈ ಸ್ಥಿತಿಯನ್ನು 1987ರಲ್ಲಿ ಶ್ರೀಲಂಕಾದ ವೈದ್ಯರು ಮೊದಲು ವಿವರವಾಗಿ ದಾಖಲಿಸಿದರಂತೆ. ಒಂಬತ್ತು ದಿನ ವೆಂಟಿಲೇಟರ್‌ನಲ್ಲಿದ್ದ. ಬದುಕಿದ.

ಆ ನಲವತ್ತು ನಿಮಿಷದಿಂದ ಹೀಗಾಯಿತೇ ಎಂದು ಡಾಕ್ಟರನ್ನು ಕೇಳಿದೆ. ಹೇಳುವುದಕ್ಕೆ ಬರುವುದಿಲ್ಲ, ಮೊದಲೇ ನಿಜ ಹೇಳಿದ್ದರೂ ಹೀಗಾಗಬಹುದಿತ್ತು ಎಂದರು. ಆ ಮಾತನ್ನು ನಾನು ಬಹಳ ದಿನ ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

ನಿಜವಾಗಿ ಕಾಡಬೇಕಾದದ್ದು ಎರಡನೆಯ ಸುಳ್ಳು ಎಂದು ಹೊಳೆಯುವುದಕ್ಕೆ ಇನ್ನೂ ಹೊತ್ತು ಹಿಡಿಯಿತು. ಅದರಿಂದ ದೇಹದ ಚಿಕಿತ್ಸೆಗೆ ಏನೂ ತೊಂದರೆಯಾಗಲಿಲ್ಲ, ಅದಕ್ಕೇ ಅದು ನಿರುಪದ್ರವಿಯಂತೆ ಕಂಡಿತ್ತು. ಆದರೆ ಬಾಟಲಿ ಅದಲುಬದಲಾದವನಿಗೆ ಮನೋವೈದ್ಯರು ಯಾಕೆ ಬೇಕು? ಯಾರನ್ನೂ ಕರೆಸಲಿಲ್ಲ. ಅದೇ ಸಾಲ, ಅದೇ ಅಟ್ಟ, ಅದೇ ಮೌನಕ್ಕೆ ಅವನನ್ನು ಮರಳಿ ಕಳಿಸಿದೆವು. ಇನ್ನು ಪೊಲೀಸರ ಭಯ. 2018ರ ಮೇ 29ರಿಂದ ಜಾರಿಯಲ್ಲಿದ್ದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್, ಇಂಥವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷಿಸಕೂಡದು, ಸರ್ಕಾರ ಅವರಿಗೆ ಆರೈಕೆ ಕೊಡಬೇಕು ಎನ್ನುತ್ತದೆ. ಕಾನೂನು ಬಿಟ್ಟುಕೊಟ್ಟಿದ್ದ ಶಿಕ್ಷೆಗೆ ಹೆದರಿ, ಅದು ಕೊಡುತ್ತಿದ್ದ ಆರೈಕೆಯನ್ನು ನಾನು ತಪ್ಪಿಸಿದ್ದೆ. ಆಫೀಸಿನಲ್ಲಿ ಸರ್ವರ್ ಬಿದ್ದಾಗ “ಯಾರ ತಪ್ಪು ಅಂತ ಕೇಳೋಲ್ಲ, ಏನಾಯ್ತು ಅಂತ ನಿಜ ಹೇಳಿ” ಎಂದು ಹುಡುಗರಿಗೆ ಪಾಠ ಮಾಡುವವನು ಇದೇ ನಾನು.

ಮತ್ತೆ ಶ್ರೀಲಂಕಾ ನೆನಪಾಗುತ್ತದೆ. 1990ರ ದಶಕದಲ್ಲಿ ಅಲ್ಲಿ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಲ್ಲಿಸಿದರು. 2005ರ ಹೊತ್ತಿಗೆ ಆತ್ಮಹತ್ಯೆಯ ಪ್ರಮಾಣ ಸುಮಾರು ಅರ್ಧಕ್ಕೆ ಇಳಿದಿತ್ತು. ಸಾಲ, ಜಗಳ, ಯುದ್ಧ ಯಾವುದೂ ಅಲ್ಲಿಂದ ಮಾಯವಾಗಿರಲಿಲ್ಲ. ಆ ಒಂದು ಘಳಿಗೆ ದಾಟಿದವರಲ್ಲಿ ಬಹಳ ಜನ ಬದುಕಿಕೊಂಡರು. ನಮ್ಮವನೂ ದಾಟಿಬಂದಿದ್ದ. ದಾಟಿಬಂದವನ ಜೊತೆ ಮಾತನಾಡುವ ದಾರಿಯನ್ನು ನಾನು ಮುಚ್ಚಿದ್ದೆ. ಮರ್ಯಾದೆ ಉಳಿಸಿದೆ ಅಂದುಕೊಂಡಿದ್ದೆನಲ್ಲ, ಅದು ಯಾರ ಮರ್ಯಾದೆ? ನಿಜವನ್ನು ಮುಚ್ಚಬೇಕೋ ಬೇಡವೋ ಎಂದು ಹೇಳುವ ಹಕ್ಕು ಅವನದು. ಅವನಿಗೆ ಪ್ರಜ್ಞೆ ಬರುವ ಮೊದಲೇ ನಾನು ತೀರ್ಮಾನಿಸಿಬಿಟ್ಟಿದ್ದೆ. ಈಗ ಇದನ್ನು ಬರೆಯುತ್ತಿರುವುದಂತೂ ಅವನನ್ನು ಕೇಳಿಯೇ.

ಆ ವರ್ಷದ ದೀಪಾವಳಿಗೆ ಊರಿಗೆ ಹೋದಾಗ ಇಬ್ಬರೂ ಕಟ್ಟೆಯ ಮೇಲೆ ಕೂತಿದ್ದೆವು. “ಕೆಮ್ಮು ಕಡಿಮಿ ಆತೇನು ಅಂತ ಊರೆಲ್ಲಾ ಕೇಳತೈತಿ ಅಣ್ಣಾ” ಎಂದ. “ನನಗ ಕೆಮ್ಮೇ ಇರಲಿಲ್ಲ.”

ಯಾಕ ಕುಡದಿ ಎಂದು ಆಗ ಕೇಳಿದೆ, ಆರು ತಿಂಗಳಾದ ಮೇಲೆ. ಅವನು ಹೇಳತೊಡಗಿದ. ಕಾಕು ಎರಡು ಸಲ ಊಟಕ್ಕೆ ಕರೆದು ಒಳಗೆ ಹೋದರು.

ಹಬ್ಬ ಮುಗಿದ ಮೇಲೆ ಅವನನ್ನು ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಚೀಟಿ ಮಾಡಿಸುವ ಕಿಟಕಿಯಲ್ಲಿ ಏನು ತೊಂದರೆ ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವನೇ ಬರೆಸಿದ.